ಖಾಲಿ ಸಹಿ

‘ಖಾಲಿ’ ಎಂಬ ಮಾತಿಗೆ ಎರಡು ಅರ್ಥವಿದೆ ಎಂದು ನಮ್ಮ ವಸ್ತಿಗೆ ಕಲಿಸಿದವನು ನಾನೇ. ಕಲಿಸುವಾಗ ನಕ್ಕೂ ಇದ್ದೆ. ಆ ನಗು ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನಾವು ಆಳಂದದ ಕಡೆಯವರು. ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು, ಯೆರವಡಾದ ಹಿಂದೆ ಗುಡ್ಡದ ಇಳಿಜಾರಿನಲ್ಲಿ ತಗಡಿನ ಮನೆ ಹಾಕಿಕೊಂಡಿದ್ದೆವು. ಅರವತ್ತೆರಡು ಮನೆ. ನಾನು ಅಂಬಣ್ಣ, ಗಾರೆ ಕೆಲಸದ ಗೌಂಡಿ. ಏಳನೆಯ ತರಗತಿಯವರೆಗೆ ಕನ್ನಡ ಓದಿದ್ದೆ. ಮರಾಠಿ ಓದುವುದನ್ನು ಅಂಗಡಿ ಬೋರ್ಡುಗಳಿಂದ, ಭಜಿ ಕಟ್ಟಿಕೊಟ್ಟ ಪೇಪರಿನಿಂದ ಕಲಿತುಕೊಂಡೆ. ಹಾಳೂರಿಗೆ ಉಳಿದವನೇ ಗೌಡ. ವಸ್ತಿಗೆ ಬಂದ ಕಾಗದವೆಲ್ಲ ನನ್ನ ಕೈಗೇ ಬರುತ್ತಿತ್ತು.

ಎಲ್ಲರ ಹೆಸರನ್ನೂ ಮತದಾರರ ಯಾದಿಗೆ ಸೇರಿಸಿದವನು ನಾನು. ಅದಕ್ಕಾಗಿ ಒಂಬತ್ತು ದಿನ ಕೆಲಸ ಬಿಟ್ಟು ಅಲೆದಿದ್ದೆ. “ಸರಕಾರ ಅಂದ್ರ ಯಾರೋ ಅಲ್ರಿ, ನಾವೇ. ನೂರಾ ಎಂಬತ್ತು ಓಟು ಒಂದ ಕಡಿ ಬಿದ್ರ ಎಂಥಾ ದೊಡ್ಡಾಂವನೂ ಬಾಗಬೇಕು” ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ನಂಬಿಯೇ ಹೇಳುತ್ತಿದ್ದೆ, ಅದೇ ದುಃಖ.

ನಮಗೆ ಬೇಕಾಗಿದ್ದದ್ದು ಒಂದು ನಳ. ಹೆಂಗಸರು ಗುಡ್ಡ ಇಳಿದು, ರಸ್ತೆ ದಾಟಿ ನೀರು ಹೊರುತ್ತಿದ್ದರು. ಇಲ್ಲಿ ಕಾರ್ಪೊರೇಟರನಿಗೆ ನಗರಸೇವಕ ಎನ್ನುತ್ತಾರೆ. ಸೇವಕ ಕಾರಿನಲ್ಲಿ ಹೋಗುತ್ತಿದ್ದ, ಮಾಲೀಕರು ಕೊಡ ಹೊತ್ತು ದಾರಿ ಬಿಡುತ್ತಿದ್ದರು.

2006ರ ಡಿಸೆಂಬರಿನಲ್ಲಿ, ಚುನಾವಣೆಗೆ ಇನ್ನೆರಡು ತಿಂಗಳು ಇದ್ದಾಗ, ಒಂದು ಭಾನುವಾರ ನಗರಸೇವಕನ ಬಲಗೈ ಬಂಟ ಪೋಪಟರಾವ ವಸ್ತಿಗೆ ಬಂದ. ಸಾಬವ್ವನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿದ. ನಳಕ್ಕಾಗಿ ಅರ್ಜಿ ತಂದಿದ್ದೇನೆ, ಮನೆಗೊಂದು ಸಹಿ ಬೇಕು ಎಂದ. ಅರ್ಜಿಯನ್ನು ನಾನು ಎರಡು ಸಲ ಓದಿದೆ, ಗಟ್ಟಿಯಾಗಿ. ಎಲ್ಲ ಸರಿಯಾಗಿತ್ತು. ಅದರ ಹಿಂದೆ ಏಳು ಹಾಳೆ. ಅವುಗಳಲ್ಲಿ ನಂಬರು, ಗೆರೆ ಬಿಟ್ಟರೆ ಬೇರೇನೂ ಇರಲಿಲ್ಲ. ಮೊದಲ ಸಹಿ ನನ್ನದೇ.

ಕೊನೆಗೆ ಸಾಬವ್ವನ ಸರದಿ ಬಂತು. ಎಪ್ಪತ್ತು ದಾಟಿದ ಮುದುಕಿ, ಗಂಡನಿಲ್ಲ, ಮಕ್ಕಳಿಲ್ಲ. ವಸ್ತಿಯಲ್ಲಿ ನಾವೆಲ್ಲ ಆಕೆಗೆ ಆಯಿ ಎನ್ನುತ್ತಿದ್ದೆವು. ಪೋಪಟರಾವ ಹಾಳೆಯ ಬುಡದಲ್ಲಿ ಬೆರಳಿಟ್ಟು “ಖಾಲಿ ಸಹಿ ಕರಾ, ಆಜೀ” ಎಂದ.

ಮುದುಕಿ ಕೆಂಡ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡಳು.

“ಅಂಬಣ್ಣ, ಇಂವಾ ಖಾಲಿ ಅಂತಾನ. ಖಾಲಿ ಮಾಡ್ಲಾಕ ನಾ ಹೆಬ್ಬಟ್ಟ ಒತ್ತಂಗಿಲ್ಲ.”

ಎಲ್ಲರೂ ಹೋ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. “ಆಯಿ, ಮರಾಠಿ ಒಳಗ ಖಾಲಿ ಅಂದ್ರ ಕೆಳಗ. ಕೆಳಗ ಸಹಿ ಮಾಡು ಅಂತಾನ. ನಿನ್ನ ಖಾಲಿ ಬ್ಯಾರೆ, ಅವನ ಖಾಲಿ ಬ್ಯಾರೆ.”

“ನೀ ಓದಿದಾಂವ ಅಪಾ. ನಂಗ ಒಂದೇ ಖಾಲಿ ಗೊತ್ತದ. ಬಿಬವೇವಾಡಿದಾಗ ಬಿಲ್ಡಿಂಗ್ ಮುಗದ್ ಮರುದಿನ ಶೆಡ್ಡಿಗಿ ಬಂದು ಅದನ್ನೇ ಅಂದ್ರು. ದೇಹೂ ರೋಡಿನಾಗೂ ಅದನ್ನೇ ಅಂದ್ರು. ಮತ್ತ ಈ ಹಾಳಿ ನೋಡು, ಇದೂ ಖಾಲಿನೇ ಅದ.”

ಪೋಪಟರಾವ ಗಡಿಯಾರ ನೋಡಿದ. “ರಾಹೂ ದ್ಯಾ” ಎಂದ, ಇರಲಿ ಬಿಡಿ ಎಂದು. ಬಿಡಬಹುದಾಗಿತ್ತು. ಆದರೆ ನನಗೆ ಹಟ. ಅರವತ್ತೆರಡಕ್ಕೆ ಅರವತ್ತೆರಡೂ ಆಗಬೇಕು, ಒಂದು ಕಡಿಮೆಯಾದರೂ ನಮ್ಮ ಒಗ್ಗಟ್ಟಿಗೆ ಬೆಲೆ ಇಲ್ಲ ಎಂದು ಸಿಡುಕಿದೆ. ಮುದುಕಿಯ ಹೆಬ್ಬೆರಳನ್ನು ನಾನೇ ಹಿಡಿದು ಶಾಯಿಗೆ ಅದ್ದಿ ಒತ್ತಿದೆ. ಗುರುತು ಮೂಡಲಿಲ್ಲ. ನಲವತ್ತು ವರ್ಷ ಇಟ್ಟಂಗಿ ಹೊತ್ತ ಬೆರಳಿನಲ್ಲಿ ಗೆರೆಗಳು ಸವೆದುಹೋಗಿದ್ದವು. ಮೂರನೆಯ ಸಲ, ಹಾಳೆ ಹರಿಯುವಷ್ಟು ಒತ್ತಿದ ಮೇಲೆ ಏನೋ ಮೂಡಿತು. ಆಕೆ ನನ್ನ ಮುಖ ನೋಡುತ್ತಾ ಸುಮ್ಮನೆ ಕೈ ಕೊಟ್ಟಿದ್ದಳು.

ವಾರ ಕಳೆಯಿತು. ಇಬ್ಬರು ಬಂದು ಎಲ್ಲರ ಬಾಗಿಲ ಮೇಲೂ ಕೆಂಪು ಬಣ್ಣದಲ್ಲಿ ನಂಬರು ಬರೆದರು. ನಳ ಕೊಡಲು ಮನೆ ಎಣಿಸುತ್ತಿದ್ದಾರೆ ಎಂದು ನಾನು ಹೇಳಿದೆ. ಆಮೇಲೆ ಟೇಪು ಹಿಡಿದು ಅಳೆದರು. ಮನೆಗಳನ್ನಲ್ಲ, ಗುಡ್ಡದ ಈ ತುದಿಯಿಂದ ಆ ತುದಿಗೆ, ನಮ್ಮ ಗೋಡೆಗಳು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. ಸಾಬವ್ವ ಒಲೆ ಹಚ್ಚುತ್ತಿದ್ದಾಗ ಟೇಪು ಆಕೆಯ ತಲೆಯ ಮೇಲಿನಿಂದಲೇ ಹಾದುಹೋಯಿತು. ಸಂಕ್ರಾಂತಿಗೆ ಪೈಪುಗಳು ಬಂದವು. ಹೆಂಗಸರು ಪೈಪಿಗೆ ಅರಿಶಿನ ಕುಂಕುಮ ಹಚ್ಚಿದರು.

ನನ್ನ ಹೆಂಡತಿ ಶಿವಕಾಂತಾ ಆ ಸಂಜೆ ಕೇಳಿದಳು. “ನೀವು ಗೌಂಡಿ ಅದೀರಿ. ನಳದ್ ಪೈಪಿನಾಗ ಮನಿಷಾ ತೂರತಾನೇನ್ರಿ?”

“ನಿಂಗೇನ್ ತಿಳೀತದ, ಬಾಯಿ ಮುಚ್ಚು” ಎಂದು ರೇಗಿದೆ. ಆ ಪೈಪು ನೀರು ತರುವುದಲ್ಲ, ಹೊಲಸು ಒಯ್ಯುವುದು, ಅದೂ ಹತ್ತು ಮಹಡಿಯ ಕಟ್ಟಡಗಳದ್ದು ಎಂದು ನನಗೆ ನೋಡಿದ ದಿನವೇ ಗೊತ್ತಾಗಿತ್ತು. ಅಂಥವುಗಳನ್ನು ನಾನೇ ಎಷ್ಟೋ ಹೂಳಿದ್ದೇನೆ. ಗೊತ್ತಿದ್ದದ್ದನ್ನು ಗೊತ್ತಿಲ್ಲ ಅಂದುಕೊಂಡೆ. ಚುನಾವಣೆಯವರೆಗೆ ಹಾಗೆಯೇ ಇದ್ದೆ.

ಫೆಬ್ರವರಿಯಲ್ಲಿ ಮತದಾನ. ನೂರಾ ಎಂಬತ್ತು ಜನ ಸಾಲಾಗಿ ನಡೆದು ಹೋಗಿ ಒಂದೇ ಚಿಹ್ನೆಗೆ ಒತ್ತಿ ಬಂದೆವು. ನಗರಸೇವಕ ಗೆದ್ದ. ನಾವೂ ಗುಲಾಲು ಹಚ್ಚಿಕೊಂಡು ಕುಣಿದೆವು.

ಮಾರ್ಚಿನಲ್ಲಿ ಬಾಗಿಲಿಗೆ ನೋಟೀಸು ಅಂಟಿಸಿದರು. ಪ್ರತಿ ಮನೆಗೂ ಒಂದೊಂದು, ಕೆಂಪು ನಂಬರಿನ ಕೆಳಗೆ. ಓದಿದೆ. ಜನ ಕೇಳುವ ಮೊದಲೇ “ಆಫೀಸಿಗಿ ಹೋಗಿ ಬರ್ತೀನಿ” ಎಂದು ಓಡಿದೆ.

ಮಹಾನಗರಪಾಲಿಕೆಯ ಗುಮಾಸ್ತ ಒಳ್ಳೆಯವನು. ಕೂರಿಸಿ ನೀರು ಕೊಟ್ಟ. ಫೈಲು ತೆಗೆದು ತೋರಿಸಿದ. ನಮ್ಮ ಏಳು ಹಾಳೆಗಳು ಹಾಗೆಯೇ ಇದ್ದವು. ಮೇಲಿನ ಅರ್ಜಿ ಮಾತ್ರ ಬೇರೆ. ಈ ಜಾಗ ವಾಸಕ್ಕೆ ಯೋಗ್ಯವಲ್ಲ, ನಮ್ಮನ್ನು ಊರ ಹೊರಗಿನ ಕಲ್ಲಿನ ಖಣಿಯ ಹತ್ತಿರ ಸಾಗಿಸಬೇಕು ಎಂದು ನಾವೇ, ವಸ್ತಿಯ ಜನರೇ, ಕೈಮುಗಿದು ಕೇಳಿಕೊಂಡಿದ್ದೆವು.

“ಇದು ನಾವು ಬರದದ್ದಲ್ಲ ಸಾಹೇಬ್ರ” ಎಂದು ಮರಾಠಿಯಲ್ಲಿ ಗೋಗರೆದೆ.

“ಸಹಿ ನಿಮ್ಮದೇ ತಾನೆ?” ಎಂದ. ಮೊದಲ ಹಾಳೆಯ ಮೊದಲ ಸಾಲು. ನನ್ನದೇ. ಗುಮಾಸ್ತ ಮೆಚ್ಚಿಗೆಯಿಂದ ತಲೆಯಾಡಿಸಿದ. “ನೂರಕ್ಕೆ ನೂರು ಒಪ್ಪಿಗೆ ನಾನು ನೋಡಿದ್ದು ಇದೇ ಮೊದಲು. ಒಂದೇ ಒಂದು ಮನೆ ಸಹಿ ಹಾಕದಿದ್ದರೂ ವಿಚಾರಣೆ ಇಡಬೇಕಾಗುತ್ತಿತ್ತು. ವರ್ಷಗಟ್ಟಲೆ ಎಳೆಯುತ್ತಿತ್ತು. ನಿಮ್ಮವರು ಶಹಾಣೆ ಜನ.”

ಕೊನೆಯ ಹಾಳೆ ತಿರುವಿದೆ. ತುದಿಯಲ್ಲಿ ಹರಿದ ಕಾಗದ, ಅದರ ಮೇಲೆ ಒಂದು ಕಪ್ಪು ಕಲೆ. ಇರಲಿ ಬಿಡಿ ಎಂದು ಪೋಪಟರಾವನೇ ಅಂದಿದ್ದ ಹೆಬ್ಬೆಟ್ಟು. ನಾನು ಒತ್ತಿದ್ದು.

ಮರಳಿ ಬಂದಾಗ ವಸ್ತಿಯೆಲ್ಲ ಕಟ್ಟೆಯ ಸುತ್ತ ಸೇರಿತ್ತು. ಗುಡ್ಡದ ಬುಡದಲ್ಲಿ ಎರಡು ಜೆಸಿಬಿ ಬಂದು ನಿಂತಿದ್ದವು, ನೋಟೀಸಿನ ಗಡುವಿಗೆ ಇನ್ನೂ ಹದಿನೈದು ದಿನ ಇದ್ದಾಗಲೇ. ಸಾಬವ್ವ ತನ್ನ ಬಾಗಿಲಿನ ನೋಟೀಸನ್ನು ಹರಿಯದಂತೆ ಬಿಡಿಸಿಕೊಂಡು ತಂದು ನನ್ನ ಮುಂದೆ ಹಿಡಿದಳು.

“ಓದಪಾ. ಏನ್ ಬರದಾರ?”

“ಮನಿ ರಿಕಾಮೇ ಮಾಡ್ಬೇಕು ಅಂತ ಬರದಾರ, ಆಯಿ.”

“ರಿಕಾಮೇ ಅಂದ್ರ?”

ಬೇರೆ ಮಾತು ಹುಡುಕಿದೆ. ಕನ್ನಡದಲ್ಲಿ, ಮರಾಠಿಯಲ್ಲಿ, ಎರಡರಲ್ಲೂ ಹುಡುಕಿದೆ. ಸಿಗಲಿಲ್ಲ.

“ಖಾಲಿ” ಎಂದೆ.

ಮುದುಕಿ ಸಿಟ್ಟಾಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, ನಿಜವಾಗಿಯೂ ತಿಳಿಯದವಳ ಹಾಗೆ ಕೇಳಿದಳು. “ಯಾವ ಖಾಲಿ, ಅಂಬಣ್ಣ? ನಿಂದೋ, ನಂದೋ?”

“ನಿಂದು, ಆಯಿ” ಎಂದೆ.