ಕಂಬಳಿ ಗೋಡೆ

ಬಿಳಿ ದೊರೆ ಬಿಟ್ಟುಹೋದ ಬಂಗಲೆಯ ದೊಡ್ಡ ಹಾಲಿನಲ್ಲಿ ಬೋಜಪ್ಪ ಸಾವ್ಕಾರರು ಸಿನಿಮಾ ತೋರಿಸಲು ಹೊರಟಿದ್ದರು. ಸಿದ್ದಾಪುರದ ಸುತ್ತ ಕಾರಿಟ್ಟವರು ಬೇಕಾದಷ್ಟು ಜನ. ರೇಡಿಯೋಗ್ರಾಂ ಇಟ್ಟವರೂ ಇದ್ದರು. ಮನೆಯೊಳಗೇ ಮಾತಾಡುವ ಸಿನಿಮಾ ಇಟ್ಟವರು ಮಾತ್ರ ಯಾರೂ ಇರಲಿಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು, ಕಾಫಿಗೆ ಬೆಲೆ ಬಂದಿತ್ತು, ಬೊಂಬಾಯಿಯಿಂದ ಪ್ರೊಜೆಕ್ಟರು ಬಂದಿತ್ತು. ಜೊತೆಗೆ ಅಕ್ಕಿಪೆಟ್ಟಿಗೆಯಷ್ಟು ದೊಡ್ಡ ಸ್ಪೀಕರು. ಭಾನುವಾರ ಹುದಿಕೇರಿಯಿಂದ ಹಿಡಿದು ಮಡಿಕೇರಿಯವರೆಗಿನ ಪ್ಲಾಂಟರುಗಳು ಹೆಂಡಿರ ಸಮೇತ ಬರುವವರಿದ್ದರು.

ಯಂತ್ರವನ್ನು ಪರೀಕ್ಷೆ ಮಾಡಲು ಪಕ್ಕದ ತೋಟದ ಕ್ಯಾಪ್ಟನ್ ಉತ್ತಯ್ಯ ಬಂದಿದ್ದರು. ಪಟಾಲಮ್ಮಿನಲ್ಲಿ ವೈರ್‌ಲೆಸ್ಸು ನೋಡಿಕೊಂಡು ನಿವೃತ್ತರಾದವರು. ಹಾಲಿನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರು. ಗೋಡೆಗಳು ಅದನ್ನು ಹಿಡಿದು ವಾಪಸು ಎಸೆದವು.

"ಇದು ಹಾಲಲ್ಲ ಬೋಜಪ್ಪ, ಬಾವಿ. ಇದರೊಳಗೆ ನೀನು ಯಾವ ಪಿಚ್ಚರ್ ಹಾಕಿದ್ರೂ ಕಪ್ಪೆ ಕೂಗಿದ ಹಾಗೆ ಕೇಳ್ತದೆ."

"ಎಂತ ಮಾಡುದು ಕ್ಯಾಪ್ಟನ್?"

"ಗೋಡೆಗೆ ದಪ್ಪ ಉಣ್ಣೆ ತೂಗಹಾಕು. ಸದ್ದು ಕುಡೀಬೇಕು."

ಸಾವ್ಕಾರರು ಹೆಂಡತಿಯ ಕಡೆ ನೋಡಿದರು. ದಮಯಂತಿ ತಲೆ ಅಲ್ಲಾಡಿಸಿಬಿಟ್ಟಳು. "ನನ್ನ ರಗ್ಗು ಮುಟ್ಟುದು ಬೇಡ. ಮೊಳೆ ಹೊಡೆದ್ರೆ ತೂತಾದು. ಬೇರೆ ಎಂತಾದ್ರೂ ಉಂಟಾ ನೋಡಿ."

ಬೇರೆ ಇತ್ತು. ಕೆಳಗೆ ಕೂಲಿ ಲೈನಿನಲ್ಲಿ ಮನೆಗೊಂದು ಕರಿ ಕಂಬಳಿ ಇತ್ತು. ಮಳೆಗಾಲಕ್ಕೆ ಮುಂಚೆ ಎಸ್ಟೇಟು ಕೊಟ್ಟದ್ದು. ಕೊಟ್ಟವರದ್ದೇ ಕಂಬಳಿ ಎಂಬುದು ಸಾವ್ಕಾರರ ನ್ಯಾಯ. ಹೊದ್ದವರ ಮೈಬಿಸಿ ಯಾರದ್ದು ಎಂದು ಆ ನ್ಯಾಯವನ್ನು ಯಾರೂ ಕೇಳಿರಲಿಲ್ಲ. ಡಿಸೆಂಬರಿನ ಚಳಿ, ಪಿಕ್ಕಿಂಗಿನ ಕಾಲ. ಆಳುಗಳೆಲ್ಲ ಹಣ್ಣು ಕೊಯ್ಯಲು ತೋಟದೊಳಗಿದ್ದಾಗ ಚಿಕ್ಕನೆಂಬ ಮೇಸ್ತ್ರಿ ಲೈನಿನ ಉದ್ದಕ್ಕೂ ನಡೆದು, ಬಾಗಿಲು ತಳ್ಳಿ, ಕಂಬಳಿ ಎತ್ತಿಕೊಂಡ. ತನ್ನ ಮುದಿ ತಾಯಿಯ ಮೇಲಿದ್ದದ್ದನ್ನೂ ಎಳೆದುಕೊಂಡ. ಅಷ್ಟು ನಿಯತ್ತಿನ ಮನುಷ್ಯ. "ಸಂಜೀಗೆ ಕೊಡ್ತಾರಂತೆ" ಎಂದು ಎಲ್ಲ ಕಡೆ ಹೇಳಿದ.

ಸಾಲಿನ ಮೊದಲ ಮನೆಯಲ್ಲಿ, ಕೊಯ್ಲಿಗೆ ಹೋದ ಲಿಂಗಿಯ ಮಗಳು ಸುಬ್ಬಿ ಹಸಿ ಬಾಣಂತಿ. ಕೂಸೂ ತಾಯಿಯೂ ಒಂದೇ ಕಂಬಳಿಯೊಳಗೆ ಮುದುಡಿದ್ದರು. ಮೇಸ್ತ್ರಿ ಬಾಗಿಲಲ್ಲೇ ತಡೆದು ನಿಂತ. ಆಮೇಲೆ ಒಂದು ಗೋಣಿಚೀಲ ಹುಡುಕಿ ಅವಳ ಕೈಗೆ ಕೊಟ್ಟು, ಕಂಬಳಿ ತೆಗೆದುಕೊಂಡ.

ಲಿಂಗಿ ಹಣ್ಣು ತೂಗಿಸಿ ಮನೆಗೆ ಬಂದಾಗ ಕೂಸಿನ ತುಟಿ ನೇರಳೆಯಾಗಿತ್ತು. ತಗಡಿನ ಮಾಡು, ಮಣ್ಣಿನ ನೆಲ; ಬೆಂಕಿ ಹೆಚ್ಚು ಮಾಡಿದರೆ ಹೊಗೆಗೆ ಕೂಸು ಉಸಿರು ಕಟ್ಟುತ್ತಿತ್ತು. ಸೊಂಟಕ್ಕೆ ಕಟ್ಟಿದ್ದ ಕೊಯ್ಲಿನ ಗೋಣಿಯನ್ನೂ ಬಿಚ್ಚದೆ ಅವಳು ಬಂಗಲೆಯ ಗುಡ್ಡ ಹತ್ತಿದಳು.

ಮೇಲೆ ಪರೀಕ್ಷೆ ಜೋರಾಗಿ ನಡೆದಿತ್ತು. ಕಿಟಕಿ ಮುಚ್ಚಿ, ಗೋಡೆ ತುಂಬ ಕಂಬಳಿ ಹೊಡೆದಿದ್ದರು. ಮೈಸೂರಿನಿಂದ ಬಾಡಿಗೆಗೆ ತರಿಸಿದ ಫಿಲ್ಮಿನ ಡಬ್ಬಿಗಳು ನೆಲದ ಮೇಲೆ ಹರಡಿದ್ದವು. ಮೊದಲು ಗ್ರಾಮಫೋನನ್ನು ಸ್ಪೀಕರಿಗೆ ಜೋಡಿಸಿ ಪ್ಲೇಟು ಹಾಕಿದರು. ಬೋಜಪ್ಪನವರಿಗೆ ಬ್ಯಾಂಡಿನ ಪ್ಲೇಟು ಬಹಳ ಹಿಡಿಸಿತು.

"ಅದು ತೆಗಿ," ಎಂದರು ಉತ್ತಯ್ಯ. "ಬ್ಯಾಂಡು ಹೊಡೆದ್ರೆ ತಗಡಿನ ಡಬ್ಬಿಯೂ ಚೆನ್ನಾಗಿ ಕೇಳ್ತದೆ. ಪರೀಕ್ಷೆಗೆ ಚಂದದ್ದು ಬೇಡ, ಮೋಸ ಮಾಡದ್ದು ಬೇಕು."

ನಾಗಸ್ವರ ಹಾಕಿದರು, ಮೇಲಿನ ಸ್ವರ ಸೀಳಿತು, ಬೇಡವೆಂದರು. ರಾಕ್ಷಸರ ಒಡ್ಡೋಲಗದ ರೀಲು ಹಾಕಿದರು. ಗದೆಯ ಸದ್ದಿಗೆ ಸ್ಪೀಕರು ನಡುಗಿತು, ಪಾಸಾಯಿತು. ವಿಲಾಯಿತಿಯ ಹಿಮದ ರೀಲು ಹಾಕಿದರು. ಮಾತೇ ಇಲ್ಲ, ಹಿಮದ ಮೇಲೆ ಬೂಟು ಕುಸಿಯುವ ಸದ್ದು ಮಾತ್ರ. ಸದ್ದಿಲ್ಲದ ಕಡೆ ಯಂತ್ರ ಗುಂಯ್‌ಗುಡುತ್ತದೆಯೇ ಎಂದು ನೋಡಲು ಅದು. ದಮಯಂತಿ ಶಾಲನ್ನು ಬಿಗಿ ಮಾಡಿಕೊಂಡಳು. "ಅಯ್ಯೋ, ನೋಡಿಯೇ ಚಳಿ ಹಿಡ್ತು ನಂಗೆ." ಎಲ್ಲರೂ ನಕ್ಕರು. ಹಿಮವೂ ಪಾಸಾಯಿತು.

"ಇನ್ನೊಂದೇ ಬಾಕಿ. ಹೆಂಗಸು ಅಳುವ ಸೀನು," ಎಂದರು ಉತ್ತಯ್ಯ. "ಎಲ್ಲಕ್ಕಿಂತ ಕಷ್ಟದ ಪರೀಕ್ಷೆ ಅದು. ಹೆಣ್ಣಿನ ದನಿ ನಾವು ಹುಟ್ಟೋ ಮುಂಚಿನಿಂದ ಕೇಳಿದ್ದು. ಅದರಲ್ಲಿ ಒಂದು ಚೂರು ಸುಳ್ಳಿದ್ರೆ ಕಿವಿ ಹಿಡಿದುಬಿಡ್ತದೆ."

ಅಷ್ಟರಲ್ಲಿ ಬಾಗಿಲಲ್ಲಿ ಲಿಂಗಿಯ ದನಿ ಬಂತು.

"ಬುದ್ಧೀ... ನಮ್ ಕಂಬ್ಳಿ ಕೊಡಿ ಬುದ್ಧಿ. ನಮ್ ಸುಬ್ಬಿ ಬಾಣಂತಿ. ಹಸಿ ಮಗ. ಗೋಣಿಚೀಲ್ದಾಗೆ ಸುತ್ತಿ ಮಡಗವ್ಳೆ."

ಬೋಜಪ್ಪನವರು ಮುಖ ಗಂಟಿಕ್ಕಿದರು. "ಸಂಜೆಗೆ ಕೊಡ್ತೇವೆ ಅಂತ ಮೇಸ್ತ್ರಿ ಹೇಳ್ಲಿಲ್ವಾ?"

"ಯೋಳವ್ನೆ ಬುದ್ಧಿ. ಮಗೀಗೆ ಯೋಳಕಾಯ್ತದಾ?"

"ಬಾಯಿ ನೋಡಿ ಇದರದ್ದು!" ಎಂದಳು ದಮಯಂತಿ.

ಮೂಲೆಯಲ್ಲಿ ಫಿಲ್ಮಿನ ಡಬ್ಬಿ ಜೋಡಿಸುತ್ತಿದ್ದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಿದ್ದಬಸಪ್ಪ ಮೆಲ್ಲಗೆ ಅಂದ: "ಒಂದ್ ಕಂಬ್ಳಿ ತಾನೆ ಸಾರ್. ಕೊಟ್ರೆ ಹೋಯ್ತದೆ."

"ಕೊಟ್ರೆ ಅಲ್ಲಿ ಗೋಡೆ ಬೋಳಾಗ್ತದಲ್ಲ, ನೀನು ನಿಲ್ತೀಯಾ ಅಲ್ಲಿ?" ಎಂದರು ಸಾವ್ಕಾರರು.

ಉತ್ತಯ್ಯನವರಿಗೆ ತಮಾಷೆ ಕಂಡಿತು. "ನಿಂತರೆ ತಪ್ಪೇನಿಲ್ಲ ಬೋಜಪ್ಪ. ಟಾಕೀಸು ಖಾಲಿಯಿದ್ರೆ ದನಿ ವಾಪಸು ಬರ್ತದೆ, ಜನ ತುಂಬಿದ್ರೆ ಬರೋದಿಲ್ಲ. ಮನುಷ್ಯನ ಮೈ ಉಣ್ಣೆಗಿಂತ ಚೆನ್ನಾಗಿ ಸದ್ದು ಕುಡೀತದೆ."

ಅವರು ತಮಾಷೆಗೆ ಅಂದದ್ದು. ಸಾವ್ಕಾರರು ತಮಾಷೆಯನ್ನು ವ್ಯರ್ಥ ಮಾಡುವವರಲ್ಲ. ಲಿಂಗಿಯ ಕಡೆ ತಿರುಗಿದರು.

"ಕೇಳಿದ್ಯಾ? ನಿನ್ನ ಕಂಬಳಿ ಕೆಳಗೆ ಕಳಿಸ್ತೇನೆ. ಅದರ ಜಾಗದಲ್ಲಿ ನೀನು ನಿಲ್ಲು. ಪರೀಕ್ಷೆ ಮುಗಿಯೋವರೆಗೆ."

ಲಿಂಗಿಗೆ ಅರ್ಥವಾದದ್ದು ಒಂದೇ, ಕಂಬಳಿ ಕೆಳಗೆ ಹೋಗುತ್ತದೆ. "ನಿಂತ್ಕತೀನಿ ಬುದ್ಧಿ," ಎಂದಳು.

"ಇತ್ತ ಮೋರೆ ಮಾಡುದು ಬೇಡ," ಎಂದಳು ದಮಯಂತಿ. "ನಂಗೆ ಸಿನಿಮಾ ನೋಡ್ಲಿಕ್ಕೆ ಆಗುದಿಲ್ಲ."

ಲಿಂಗಿ ಬೆರಳು ತೋರಿದ ಕಂಬಳಿಯನ್ನು ಸಿದ್ದಬಸಪ್ಪ ಮೊಳೆಯಿಂದ ಬಿಡಿಸಿದ. ಖಾಲಿಯಾದ ಗೋಡೆಗೆ ಮುಖ ಮಾಡಿ, ಹಣೆ ತಾಗುವಷ್ಟು ಹತ್ತಿರ ಲಿಂಗಿ ನಿಂತಳು. "ಗೋಣಿ ಕಟ್ಟಿದ್ದು ಒಳ್ಳೇದಾಯ್ತು," ಎಂದರು ಉತ್ತಯ್ಯ. ಅವಳ ಹಿಂದೆ ಸಾವ್ಕಾರರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ರೈಟರೇ, ಅದನ್ನ ಲೈನಿಗೆ ಕಳಿಸಿ." ಕಂಬಳಿ ಹಿಡಿದ ಹೆಜ್ಜೆಗಳು ಬಾಗಿಲಿನ ಕಡೆ ಹೋದದ್ದನ್ನು ಲಿಂಗಿ ಕೇಳಿಸಿಕೊಂಡಳು. ಅವಳ ಹೆಗಲು ಇಳಿಯಿತು.

ಯಂತ್ರ ಶುರುವಾಯಿತು. ಮೇಜು ಸಣ್ಣಗೆ ಗಡಗಡ ಎಂದಿತು. ಉತ್ತಯ್ಯ ನಿಲ್ಲಿಸಿ, ಇಂಗ್ಲಿಷಿನಲ್ಲಿ, ಯಂತ್ರದ ಅಡಿಗೆ ದಪ್ಪನೆಯದೇನಾದರೂ ಬೇಕು, ಆ ಕಂಬಳಿಯನ್ನೇ ತನ್ನಿ ಎಂದರು. ಬಾಗಿಲಲ್ಲಿದ್ದ ಸಿದ್ದಬಸಪ್ಪ ಸಾವ್ಕಾರರ ಮುಖ ನೋಡಿದ. ಸಾವ್ಕಾರರು ಬಾಯಿ ಬಿಡಲಿಲ್ಲ, ಕಣ್ಣಲ್ಲೇ ಬಾ ಎಂದರು. ಸಿದ್ದಬಸಪ್ಪ ಹಿಂತಿರುಗಿದ. ಬರಿಗಾಲಲ್ಲಿ, ತುದಿಬೆರಳ ಮೇಲೆ ಬಂದದ್ದರಿಂದ ಈ ಸಲ ಅವನ ಕಾಲಸದ್ದು ಕೇಳಲಿಲ್ಲ. ಕಂಬಳಿಯನ್ನು ಅವನೇ ನಾಲ್ಕು ಮಡಿಕೆ ಮಾಡಿ, ಅವನೇ ಯಂತ್ರದ ಅಡಿಗೆ ತುರುಕಿದ. ಬರವಣಿಗೆ ಕಲಿತವರು ಈ ನಾಡಿನಲ್ಲಿ ಮಾಡಿಕೊಂಡು ಬಂದ ಕೆಲಸವನ್ನೇ ಅವನೂ ಮಾಡಿದ.

ಮೇಜು ನಡುಗುವುದು ನಿಂತಿತು. ಲಿಂಗಿ ಗೋಡೆ ನೋಡುತ್ತ ನಿಂತಿದ್ದಳು, ಕೂಸು ಬೆಚ್ಚಗಾಗಿರಬೇಕು ಎಂದುಕೊಳ್ಳುತ್ತ.

ಅಳುವ ಹೆಂಗಸರ ರೀಲುಗಳು ಒಂದಾದ ಮೇಲೊಂದು ಓಡಿದವು. ಗಂಡ ಬಿಟ್ಟುಹೋದ ರಾಣಿ ಅತ್ತಳು. "ಮೂಗು ಕಟ್ಟಿದೆ ಇವಳಿಗೆ," ಎಂದು ಉತ್ತಯ್ಯ ತೆಗೆಸಿದರು. ಸೆರೆಯಲ್ಲಿದ್ದ ತಂಗಿ ಅತ್ತಳು. "ಇವಳು ಅಳುವಾಗಲೂ ಕನ್ನಡಿ ನೋಡ್ತಿದ್ದಾಳೆ," ಎಂದಳು ದಮಯಂತಿ. ಕಾಫಿ ಬಂತು, ಬಿಸ್ಕತ್ತು ಬಂತು. ಲಿಂಗಿಯದು ಬೆಳಗಿನಿಂದ ಗಿಡದ ಕೆಳಗೆ ಬಗ್ಗಿ ಕೊಯ್ದ ಕಾಲು. ಅವಳು ಮೈಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸಿದಳು. "ಅಲ್ಲಾಡಬೇಡ," ಎಂದರು ಸಾವ್ಕಾರರು.

ಕೊನೆಯ ಡಬ್ಬಿಯಲ್ಲಿ ಸೇತುವೆಯ ಕೆಳಗೆ ಒಬ್ಬ ಬಡ ತಾಯಿ ಇದ್ದಳು. ಮಳೆ ಸುರಿಯುತ್ತಿತ್ತು. ಅವಳು ತನ್ನ ಸೀರೆಯನ್ನು ಅರ್ಧ ಹರಿದು ಕೂಸಿಗೆ ಸುತ್ತಿ, ಅದನ್ನು ಎದೆಗೆ ಒತ್ತಿಕೊಂಡು ಅತ್ತಳು. ದನಿ ದೊಡ್ಡದಿರಲಿಲ್ಲ. ರೀಲು ಮುಗಿದಾಗ ದಮಯಂತಿಯ ಕೆನ್ನೆ ಒದ್ದೆಯಾಗಿತ್ತು.

"ಪಾಪ ಮಾರಾಯ್ರೆ," ಎಂದಳು. ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡಳು. "ಆ ಕೂಸು ಬದುಕುತ್ತಾ ಮುಂದೆ?"

ಬೋಜಪ್ಪನವರಿಗೆ ಹೆಮ್ಮೆ ಉಕ್ಕಿತು. "ಇದೇ ಪಿಚ್ಚರ್! ಇವಳನ್ನೇ ಅಳಿಸ್ತು ಅಂದ್ರೆ ಯಂತ್ರ ಪಾಸಾದ ಹಾಗೇ. ಭಾನುವಾರ ಎಲ್ಲರನ್ನೂ ಅಳಿಸುವ. ಕ್ಯಾಪ್ಟನ್, ಇನ್ನೊಂದು ಸಲ ಹಾಕಿ!"

ಇನ್ನೊಂದು ಸಲ ಎಂದದ್ದು ಲಿಂಗಿಗೆ ಕೇಳಲಿಲ್ಲ. ಪಾಸಾಯಿತು ಎಂದದ್ದು ಕೇಳಿತು. ಪರೀಕ್ಷೆ ಮುಗಿಯಿತೆಂದುಕೊಂಡು ಅವಳು ತಿರುಗಿದಳು.

ಯಂತ್ರದ ಬೆಳಕಿನಲ್ಲಿ ಮೊದಲು ಅವಳಿಗೆ ಕಂಡದ್ದು ತನ್ನ ಕಂಬಳಿ. ಅಂಚಿನಲ್ಲಿ ಅವಳೇ ಹಾಕಿದ ಕೆಂಪು ನೂಲಿನ ಹೊಲಿಗೆ ಮೇಜಿನಿಂದ ಕೆಳಗೆ ಇಳಿಬಿದ್ದಿತ್ತು.

"ಕಳ್ಸುದ್ರಲ್ಲ ಬುದ್ಧಿ?" ಎಂದಳು.

ಸಿದ್ದಬಸಪ್ಪ ಡಬ್ಬಿಯ ಮುಚ್ಚಳ ಹುಡುಕತೊಡಗಿದ.

"ರೈಟರ್ ಸ್ವಾಮಿ, ನೀವ್ ತಕ್ಕೊಂಡ್ ಓದ್ರಲ್ಲ?"

"ಇನ್ನೊಂದೇ ರೀಲು," ಎಂದರು ಸಾವ್ಕಾರರು. "ಆ ಕಡೆ ತಿರುಗು."

ಲಿಂಗಿ ತಿರುಗಲಿಲ್ಲ. ನೇರ ನಡೆದು ಬಂದು, ಕೆಂಪು ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಯಂತ್ರ ವಾಲಿತು, ಉರುಳಿತು, ನೆಲಕ್ಕೆ ಬಿತ್ತು. ದಮಯಂತಿ ಕಿರುಚಿದಳು. ಲಿಂಗಿ ಕಂಬಳಿಯನ್ನು ಬಾಚಿ ತಬ್ಬಿಕೊಂಡು ಬಾಗಿಲು ದಾಟಿದ್ದಳು.

ಉತ್ತಯ್ಯ ಮೊಣಕಾಲೂರಿ ಯಂತ್ರವನ್ನು ಎತ್ತಿ ನೋಡಿದರು. "ಲೆನ್ಸು ಉಳಿದಿದೆ. ದನಿ ಓದುವ ಸಣ್ಣ ಬಲ್ಬು ಒಡೆದಿದೆ ಅಷ್ಟೆ. ಮೈಸೂರಲ್ಲಿ ಸಿಕ್ತದೆ, ಭಾನುವಾರಕ್ಕೆ ತೊಂದರೆಯಿಲ್ಲ." ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದರು, "ಬಿಟ್ಟುಬಿಡು ಬೋಜಪ್ಪ. ನಾವೂ ಸ್ವಲ್ಪ ಹೆಚ್ಚು ಮಾಡಿದೆವು."

ಸಾವ್ಕಾರರು ಹೊಡೆಯುವ ಪೈಕಿ ಅಲ್ಲ. ಸಿದ್ದಾಪುರದಲ್ಲಿ ಯೂನಿಯನ್ನಿನವರು ಬಾವುಟ ಕಟ್ಟಿದ್ದ ಕಾಲ, ಹೊಡೆದರೆ ಕೇಸಾಗುತ್ತದೆ. ಹೊಡೆಯದೆ ಹೊಡೆಯುವುದನ್ನು ಕಾಫಿಯ ಜೊತೆಗೇ ಕಲಿತವರು ಅವರು. ಚಿಕ್ಕನನ್ನು ಕರೆಸಿ, ಕುಡಿಯಲು ಕಾಫಿ ಕೊಡಿಸಿ, ಶಾಂತವಾಗಿ ಹೇಳಿದರು:

"ನಿಮ್ಮ ಕಂಬಳಿ ಎಲ್ಲ ಇಲ್ಲೇ ಉಂಟು, ಈಗಲೇ ಕೊಡ್ತೇನೆ. ಲಿಂಗಿ ಕದ್ದುಕೊಂಡು ಹೋದ ಕಂಬಳಿ ವಾಪಸು ಬಂದ ಕೂಡಲೇ. ಅದು ಬರೋವರೆಗೆ ಒಂದೂ ಕೆಳಗೆ ಇಳಿಯೋದಿಲ್ಲ."

ಹೊತ್ತು ಇಳಿಯುತ್ತಿತ್ತು. ಕಣಿವೆಯಿಂದ ಮಂಜು ಎದ್ದು ಲೈನಿನ ತಗಡಿನವರೆಗೆ ಬಂದಿತ್ತು. ಸುಬ್ಬಿಯೂ ಕೂಸೂ ಕಂಬಳಿಯೊಳಗೆ ಇದ್ದರು. ಕೂಸಿನ ತುಟಿಗೆ ಬಣ್ಣ ಮರಳುತ್ತಿತ್ತು. ಬಾಗಿಲಲ್ಲಿ ಜನ ತುಂಬಿದ್ದನ್ನು ಕಂಡು ಲಿಂಗಿ ಎದ್ದು ಹೊಸ್ತಿಲಲ್ಲಿ ಕೂತಳು.

"ಅಕ್ಕ, ಕೊಟ್ಬುಡು," ಎಂದ ಚಿಕ್ಕ.

"ಯಾಕ್ಲಾ? ಬಂಗ್ಲೆ ಗ್ವಾಡೆಗೆ ಚಳಿ ಆದದಾ?"

"ನಮ್ಮವ್ವ ಕೆಮ್ಮಿ ಕೆಮ್ಮಿ ಸಾಯ್ತಾವ್ಳೆ."

"ನಿಮ್ಮವ್ವನ ಮ್ಯಾಲಿಂದ ಎಳ್ಕೊಂಡ್ ಓದೋನು ನೀನೇ ಅಲ್ವೇನ್ಲಾ? ನಾನಾ?"

ಚಿಕ್ಕ ಒಂದು ಹೆಜ್ಜೆ ಹಿಂದೆ ಸರಿದ. ಅವನ ಬೆನ್ನ ಹಿಂದೆ ಇದ್ದ ಗುಂಡ, ಎರಡನೇ ಮನೆಯವನು, ರೇಗಿದ. "ನಿನ್ ಒಬ್ಳು ಮಗಳ್ಗಾಗಿ ಲೈನೆಲ್ಲ ನಡುಗ್ಬೇಕಾ? ನಮ್ಗೂ ಮಕ್ಕಳವೆ."

"ಇಷ್ಟ್ ಜನ ಇದ್ದೀರಿ. ಎಲ್ರೂ ಒಟ್ಗೆ ಗುಡ್ಡ ಅತ್ತಿ ಓಗಿ ಕೇಳ್ರಲಾ! ನಿಮ್ ಕಂಬ್ಳಿ ಅಲ್ಲಿ ಐತೆ, ಇಲ್ಲಿಲ್ಲ!"

ಅದು ನಿಜವೆಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಬಂಗಲೆ ಮೇಲಿತ್ತು, ಲಿಂಗಿ ಕೆಳಗಿದ್ದಳು. ಕೆಳಗಿನದು ಹತ್ತಿರ. ಗುಂಡ ಅವಳ ತೋಳು ಹಿಡಿದು ಎಳೆದ. ಅವಳು ಅವನ ಮಣಿಕಟ್ಟು ಕಚ್ಚಿದಳು. ಅವನು ಅವಳ ಕೆನ್ನೆಗೆ ಬಾರಿಸಿದ. ಸಾವ್ಕಾರರ ಕೈ ಎಷ್ಟು ಶುಭ್ರ! ಅವರು ಬೆರಳು ಎತ್ತಲಿಲ್ಲ, ಬಂಗಲೆಯಿಂದ ಇಳಿಯಲೂ ಇಲ್ಲ.

"ಬುಡವ್ವ," ಎಂದಳು ಒಳಗಿನಿಂದ ಸುಬ್ಬಿ. ಕೂಸನ್ನು ರವಿಕೆಯೊಳಗೆ ತುರುಕಿಕೊಂಡು, ಕಂಬಳಿಯನ್ನು ಮಡಿಚಿ ಮುಂದೆ ಚಾಚಿದಳು. "ತಕ್ಕೋ ಮಾವ."

ಚಿಕ್ಕ ಅದನ್ನು ಅವಳ ಮುಖ ನೋಡದೆ ತೆಗೆದುಕೊಂಡ.

ಸಾವ್ಕಾರರು ಮಾತಿಗೆ ತಪ್ಪಲಿಲ್ಲ. ಕೆಂಪು ಅಂಚಿನ ಕಂಬಳಿ ಕೈಗೆ ಬಂದ ಕೂಡಲೇ ಉಳಿದದ್ದೆಲ್ಲ ಮೊಳೆಯಿಂದ ಬಿಚ್ಚಿಸಿ ವರಾಂಡದಲ್ಲಿ ರಾಶಿ ಹಾಕಿಸಿದರು. ಭಾನುವಾರ ಮತ್ತೆ ತರಬೇಕೆಂದು ಹೇಳಿದರು. ಒಬ್ಬೊಬ್ಬರೂ ತಮ್ಮದನ್ನು ಮೂಸಿ ಗುರುತು ಹಿಡಿದು ಹೆಗಲಿಗೆ ಹಾಕಿಕೊಂಡರು. ರಾಶಿ ಕರಗಿತು.

"ಲಿಂಗಕ್ಕಂದು ಬುದ್ಧಿ?" ಎಂದ ಚಿಕ್ಕ.

"ಅದು ಇಲ್ಲೇ ಇರ್ಲಿ. ಯಂತ್ರದ ಅಡಿಗೆ ಬೇಕು," ಎಂದರು ಸಾವ್ಕಾರರು. "ಯಾರಾದ್ರೂ ತಮ್ಮದು ಅವಳಿಗೆ ಕೊಟ್ರೆ ಅದನ್ನೂ ತರಿಸ್ತೇನೆ."

ಅವರು ಸಾಲಾಗಿ ಇಳಿದರು. ಲಿಂಗಿಯ ಮನೆ ಲೈನಿನ ಮೊದಲನೆಯದು, ಎಲ್ಲರೂ ಅದರ ಮುಂದೆ ಹಾದೇ ಹೋಗಬೇಕು. ಅವಳು ಬಾಗಿಲು ಪೂರ್ತಿ ತೆಗೆದು, ಊದಿದ ಕೆನ್ನೆ ಹೊತ್ತು ಹೊಸ್ತಿಲಲ್ಲಿ ಕೂತಿದ್ದಳು. ಒಳಗೆ ಸುಬ್ಬಿ ಕೂಸಿನ ಸಮೇತ ಗೋಣಿಯೊಳಗೆ ಮುದುಡಿದ್ದು ಹೋಗುವವರಿಗೆಲ್ಲ ಕಾಣಲೆಂದೇ. ಗುಂಡ ತಲೆ ತಗ್ಗಿಸಿ ಬೇಗ ದಾಟಿದ. ಅವನ ಹೆಂಡತಿ ದಾಟಿದಳು. ಚಿಕ್ಕ ನಿಂತ. ಹೆಗಲ ಮೇಲಿನ ಕಂಬಳಿಯನ್ನು ಒಂದು ಕಡೆಯಿಂದ ಜಾರಿಸಿದ. ಕೊನೆಯ ಮನೆಯಿಂದ ಅವನ ತಾಯಿ ಕೆಮ್ಮುವುದು ಕೇಳಿತು. ಅವನು ಕಂಬಳಿಯನ್ನು ಮತ್ತೆ ಮೇಲೆಳೆದುಕೊಂಡು ಹೋದ.

ಇನ್ನೂ ಬಹಳ ಜನ ಇಳಿಯುವುದಿತ್ತು. ಒಬ್ಬೊಬ್ಬರ ಮುಖವನ್ನೂ ನೋಡದೆ ಬಿಡುವುದಿಲ್ಲವೆಂದು ಲಿಂಗಿ ಕುಳಿತೇ ಇದ್ದಳು.

"ಅವ್ವಾ," ಎಂದಳು ಸುಬ್ಬಿ. "ಬಾಗ್ಲಾಕವ್ವ. ಗಾಳಿ ಬತ್ತದೆ."

ಲಿಂಗಿ ಎದ್ದು ಬಾಗಿಲು ಹಾಕಿದಳು.