ಆಸುಂತಾಳ ಕರಿ ಹೊಲಿಗೆ

ಆಸುಂತಾ ನಡೆಯುವಾಗ ಬಲಗಾಲಿನ ಬೆರಳುಗಳು ಮೊದಲು ನೆಲ ಮುಟ್ಟುತ್ತಿದ್ದವು, ಹಿಮ್ಮಡಿ ಆಮೇಲೆ; ನಲವತ್ತೆರಡು ವರ್ಷ ಹೊಲಿಗೆ ಮೆಶೀನಿನ ಪೆಡಲು ಒತ್ತಿ ಒತ್ತಿ ಆ ಕಾಲು ರಸ್ತೆಯನ್ನೂ ಪೆಡಲೆಂದೇ ತಿಳಿದುಬಿಟ್ಟಿತ್ತು. ಹತ್ತೊಂಬತ್ತನೇ ವಯಸ್ಸಿಗೆ ಇಟಲಿಯಿಂದ ಹಡಗು ಹತ್ತಿ ಮೆಲ್ಬೋರ್ನಿಗೆ ಬಂದವಳು, ಬ್ರನ್ಸ್‌ವಿಕ್ಕಿನ ಗಾರ್ಮೆಂಟ್ ಫ್ಯಾಕ್ಟರಿಯೊಂದರಲ್ಲಿ ಶಾಲೆಮಕ್ಕಳ ನೀಲಿ ಪ್ಯಾಂಟು ಹೊಲಿಯುತ್ತಲೇ ಕೂದಲು ನರೆಸಿಕೊಂಡಿದ್ದಳು. ಎರಡು ಸಾವಿರದ ನಾಲ್ಕರಲ್ಲಿ ನಾನು, ಯಜಮಾನರು ಹೋದ ಮೇಲೆ ಅದೇ ಊರಿನ ಕ್ರೇಗಿಬರ್ನ್ ಬಡಾವಣೆಯ ಮಗಳ ಮನೆಗೆ ಬಂದು, ಸುಮ್ಮನೆ ಕೂರಲಾರದೆ ಆ ಫ್ಯಾಕ್ಟರಿಗೆ ಸೇರಿದೆ. ದಾರ ಸುತ್ತಿದ ಕೋನುಗಳನ್ನು ಮೆಶೀನುಗಳಿಗೆ ಒದಗಿಸುವುದು ನನ್ನ ಕೆಲಸ.

ಆಸುಂತಾ ಮಾತ್ರ ತನ್ನ ಮೆಶೀನನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮೆಶೀನಿನ ಪಕ್ಕದ ತಟ್ಟೆಯಲ್ಲಿ ಎಡಕ್ಕೆ ನೀಲಿ ಕೋನು, ಬಲಕ್ಕೆ ಕರಿ ಎಂದು ನನ್ನಿಂದ ಇಡಿಸಿಕೊಂಡು, ದಾರದ ತುದಿಯನ್ನು ತುಟಿಗೊತ್ತಿ ತೇವಮಾಡಿ, ನೋಟ ಬೇರೆಲ್ಲೋ ಇಟ್ಟು ಸೂಜಿಗೆ ತಾನೇ ಏರಿಸುವಳು. ಗರ್ವ ಅಂದುಕೊಂಡಿದ್ದೆ. ಒಂದು ದಿನ ಊಟದ ಹೊತ್ತಿನಲ್ಲಿ ಕೈಹಿಡಿದು ಹೇಳಿದಳು. ಅವಳ ಹರಕು ಇಂಗ್ಲಿಷಿಗೂ ನನ್ನ ಮುರುಕು ಇಂಗ್ಲಿಷಿಗೂ ಚೆನ್ನಾಗಿ ಹೊಂದುತ್ತಿತ್ತು:

"ಕಣ್ಣು ಹೋಗ್ತಿದೆ ಕಣೇ ವಸಂತಾ, ಡಾಕ್ಟರ ಕೈಲೂ ಆಗಲ್ವಂತೆ. ಪೆನ್ಷನ್ನಿಗೆ ಇನ್ನೆರಡೇ ವರ್ಷ. ಬಾಯಿ ಬಿಟ್ಟೀಯಾ, ಜೋಕೆ!"

ಆಗಸ್ಟ್ ಚಳಿಯ ಒಂದು ಬೆಳಿಗ್ಗೆ ಸೂಪರ್‌ವೈಸರ್ ಗ್ರೆಗ್ ನಲವತ್ತು ಪ್ಯಾಂಟುಗಳ ಕಟ್ಟನ್ನು ತಂದು ಅವಳ ಮೇಜಿಗೆಸೆದ. ನೀಲಿ ಬಟ್ಟೆಯ ಮೇಲೆ ಕರಿ ಹೊಲಿಗೆ. ಟ್ಯೂಬ್‌ಲೈಟಿನಡಿ ಎರಡೂ ಒಂದೇ, ಬಾಗಿಲ ಬೆಳಕಿಗೆ ಹಿಡಿದರೆ ಗೀರು ಎಳೆದಂತೆ. ಅವಳ ಕಡೆ ಅವನು ನೋಡಲೂ ಇಲ್ಲ, ನನ್ನ ಕಡೆ ತಿರುಗಿದ.

"ಕೋನ್ ಕೊಡೋದು ನಿನ್ನ ಕೆಲಸ. ನಾಳೆಯಿಂದ ಬರಬೇಡ."

ನಾನು ಎರಡನ್ನೂ ಸರಿಯಾಗಿಯೇ ಇಟ್ಟಿದ್ದೆ. ಗುಡಿಸುವವರು ತಟ್ಟೆ ತಿರುಗಿಸಿಟ್ಟಿದ್ದರು, ಅವಳು ಎಡಕ್ಕಿದ್ದದ್ದೇ ನೀಲಿಯೆಂದು ಕೈಯಳತೆಯಲ್ಲಿ ಎತ್ತಿ ಏರಿಸಿದ್ದಳು. ಆದರೆ ಹಾಗೆಂದರೆ ಅವಳ ಕಣ್ಣಿನ ಗುಟ್ಟೂ ರಟ್ಟು.

ಪಕ್ಕದ ಮೆಶೀನಿನ ದಾವಣಗೆರೆಯ ಸಂಯುಕ್ತಾ ಮೆಲ್ಲಗೆ ಗದರಿದಳು: "ಮಾತಾಡ್ರೀ ಆಂಟಿ! ನಾಲಗೆ ಏನು ಏರ್‌ಪೋರ್ಟಲ್ಲೇ ಬಿಟ್ಟು ಬಂದ್ರಾ?"

ಆಸುಂತಾಳ ಕಾಲು ಪೆಡಲಿನ ಮೇಲೇ ಇತ್ತು. ಬಟ್ಟೆಯಿಲ್ಲದ ಮೆಶೀನು ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಆಮೇಲೆ ಪೂರಾ ನಿಂತಿತು.

"ಕರಿ ದಾರ ನಾನು ಹಾಕಿದ್ದು," ಅಂದಳು.

ಗ್ರೆಗ್ ನಕ್ಕ. "ನೀನಾ? ನನಗೆ ಕೆಲಸ ಕಲಿಸಿದವಳೇ ನೀನು. ಇವಳನ್ನ ಉಳಿಸೋಕೆ ಸುಳ್ಳು ಬೇಡ."

ಅವಳು ಅಷ್ಟಕ್ಕೇ ಸುಮ್ಮನಾಗಬಹುದಿತ್ತು, ಹೇಳಿದ ಪುಣ್ಯವೂ ಬರುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ಅವಳು ಎದ್ದಳು. ಇಡೀ ಸಾಲು ನೋಡುತ್ತಿದ್ದಂತೆ ಎರಡು ಕೋನನ್ನೂ ಅವನ ಕೈಗಿತ್ತಳು.

"ಯಾವುದು ಕರಿ, ಕೇಳು ನನ್ನ."

ಅವನು ಕೇಳಲಿಲ್ಲ. ಅವಳೇ ಹೇಳಿದಳು: "ಗೊತ್ತಾಗಲ್ಲ. ಒಂದು ವರ್ಷದಿಂದ ಗೊತ್ತಾಗಲ್ಲ."

ಅವನ ಮುಖ ಇಳಿಯಿತು. ಮನೆಗೆ ಹೋಗು ಅಂದ.

"ಹೊಲಿಗೆ ಬಿಚ್ಚಿಕೊಟ್ಟು ಹೋಗ್ತೀನಿ."

ನಲವತ್ತನ್ನೂ ಬೆರಳಿನಲ್ಲಿ ತಡವಿ ತಡವಿ, ಬಟ್ಟೆಗೆ ಒಂದು ಗಾಯವೂ ಆಗದಂತೆ ಬಿಚ್ಚಿದಳು. ನೆರವಿಗೆ ಕೈಚಾಚಿದ ನನಗೆ ಫಟ್ಟನೆ ಒಂದು ಏಟು. ಸಂಜೆ ಹೋದವಳು ಮತ್ತೆ ಬರಲಿಲ್ಲ; ನನ್ನ ಕೆಲಸ ಉಳಿಯಿತು.

ಇಂಥ ಹೆಂಗಸರನ್ನು ದೇವತೆಯೆಂದು ಕೂರಿಸುವುದು ನನಗೆ ಒಗ್ಗದು. ಅವರು ಮುಚ್ಚಿಡಬಲ್ಲರು, ವರ್ಷವಿಡೀ ಮೇಸ್ತ್ರಿಯ ಕಣ್ಣಿಗೆ ಮಣ್ಣೆರಚಬಲ್ಲರು. ಹೊಟ್ಟೆಪಾಡಿಗೆ ಅದೂ ಒಂದು ಕಸುಬೇ. ಆದರೆ ಕೈಯನ್ನೇ ನಂಬಿ ಬದುಕಿದವರಿಗೆ ಒಂದು ಗೆರೆ ಇರುತ್ತದೆ: ತಾವು ಹೊಲಿದದ್ದನ್ನು ಇನ್ನೊಬ್ಬರ ಹೆಸರಿಗೆ ಹೋಗಗೊಡರು, ಅದು ತಪ್ಪು ಹೊಲಿಗೆಯಾದರೂ.