2002ರಲ್ಲಿ ಹುಲಿಗೆಮ್ಮ ಎಲ್ಲಿದ್ದಳು

ನಮ್ಮೂರು ಹೊಂಗೆಗೊಂದಿ ಯಾವ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು ಎಂದು ಇನ್ನೊಬ್ಬರು ಯಾರಾದರೂ ನನ್ನನ್ನು ಕೇಳಿದರೆ ಏನಂದುಬಿಡುತ್ತೇನೋ ನನಗೇ ಗೊತ್ತಿಲ್ಲ. ನಾನು ಪ್ರೇಮಲತಾ, ಇಲ್ಲಿಯ ಅಂಗನವಾಡಿ ಟೀಚರು. ಮಕ್ಕಳಿಗೆ ಉಪ್ಪಿಟ್ಟು, ಬಸುರಿಯರಿಗೆ ಮೊಟ್ಟೆ, ಮೊಟ್ಟೆ ಕೊಟ್ಟಿದ್ದಕ್ಕೆ ಮೊಬೈಲಿನಲ್ಲಿ ಫೋಟೊ. ಇದೆಲ್ಲ ಸಾಲದು ಎಂದು ಬಿಎಲ್‌ಒ ಕೆಲಸ ಬೇರೆ, ಅಂದರೆ ಮನೆಮನೆ ತಿರುಗಿ ಮತದಾರರ ಪಟ್ಟಿ ನೋಡಿಕೊಳ್ಳುವುದು.

ಈ ಸಲದ್ದು ಹೊಸ ರಗಳೆ. ಈಗಿನ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದಂತೆ. 2002ರ ಪಟ್ಟಿಯಲ್ಲಿ ಅವರ ಹೆಸರನ್ನೋ ಅವರ ತಂದೆತಾಯಿಯ ಹೆಸರನ್ನೋ ಹುಡುಕಿ, ಆಗಿನ ಕ್ಷೇತ್ರ, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎಲ್ಲವನ್ನೂ ಫಾರಮ್ಮಿನಲ್ಲಿ ತುಂಬಬೇಕು. ಸಿಗದಿದ್ದರೆ ನೋಟಿಸು. ಕಾಗದಪತ್ರ ಹಿಡಿದು ಚನ್ನಗಿರಿಗೆ ವಿಚಾರಣೆಗೆ ಹೋಗಬೇಕು. ಅಲ್ಲಿಯೂ ಆಗದಿದ್ದರೆ ಹೆಸರು ಹೋಯಿತು ಎಂದೇ ಅರ್ಥ.

ನಮ್ಮ ತಾಲ್ಲೂಕು ಚನ್ನಗಿರಿ. ಹಾಗಾಗಿ ಚನ್ನಗಿರಿ ಕ್ಷೇತ್ರದ ಹಳೆಯ ಪಟ್ಟಿಯನ್ನು ಮೊಬೈಲಿನಲ್ಲಿ ತೆರೆದೆ. ಮೊದಲಿನಿಂದ ಕೊನೆಯ ತನಕ ನೋಡಿದರೂ ನಮ್ಮೂರೇ ಇಲ್ಲ. ಸೂಪರ್‌ವೈಸರ್ ರಮೇಶ್‌ಗೆ ಫೋನು ಮಾಡಿದೆ.

"ಶಿವಮೊಗ್ಗ ಜಿಲ್ಲೇಲಿ ನೋಡ್ರಿ ಮೇಡಂ. ಮೊದ್ಲು ನಾವು ಆ ಜಿಲ್ಲೆಗೇ ಅಲ್ವಾ ಇದ್ದಿದ್ದು?"

ಎರಡು ದಿನ ನೋಡಿದೆ. ಆಮೇಲೆ ತಲೆಗೆ ಹೊಳೆಯಿತು, ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಪಟ್ಟಿಯಾದದ್ದು ಅದಕ್ಕೂ ಐದು ವರ್ಷದ ಮೇಲೆ. ಮತ್ತೆ ಫೋನು ಮಾಡಿದರೆ, "ಹಂಗಾದ್ರೆ ನ್ಯಾಮತೀಲಿ ನೋಡ್ರಿ" ಎಂದ. ನ್ಯಾಮತಿ ತಾಲ್ಲೂಕಾದದ್ದೇ ಮೊನ್ನೆ ಮೊನ್ನೆ. ಕ್ಷೇತ್ರವಂತೂ ಅದು ಯಾವತ್ತೂ ಆಗಿರಲಿಲ್ಲ. ಇದು ಗೊತ್ತಿರಬೇಕಾದದ್ದು ಅವನಿಗೋ ನನಗೋ? ಸಂಬಳ ಯಾರಿಗೆ ಜಾಸ್ತಿ?

ಕೊನೆಗೆ ಹೇಳಿದವರು ಕಲ್ಲೇಶಪ್ಪ. ವಯಸ್ಸು ಎಪ್ಪತ್ತರ ಹತ್ತಿರ, ದಿನವೂ ಅಂಗನವಾಡಿ ಎದುರಿನ ಕಟ್ಟೆಯ ಮೇಲೆಯೇ ಕೂತಿರುತ್ತಾರೆ.

"ಆಗ ಓಟಿಗೆ ಹೊನ್ನಾಳಿ, ಪಹಣಿಗೆ ಚನ್ನಗಿರಿ. ಎರಡು ಸಾವಿರದ ಎಂಟನೇ ಇಸವೀಲಿ ಕ್ಷೇತ್ರದ ಗಡಿ ತಿದ್ದಿದ್ರಲ್ಲ, ಆವಾಗ ಓಟೂ ಚನ್ನಗಿರಿಗೆ ಬಂತು."

"ನಾಲ್ಕು ದಿನದಿಂದ ನಿಮ್ಮ ಕಣ್ಣೆದುರಿಗೇ ಒದ್ದಾಡ್ತಾ ಇದೀನಿ. ಮೊದಲೇ ಹೇಳಾಕೆ ಏನಾಗಿತ್ತು?"

"ನೀವು ಕೇಳ್ಲಿಲ್ವಲ್ಲ."

ಹಲ್ಲು ಕಚ್ಚಿಕೊಂಡು ಹೊನ್ನಾಳಿ ಪಟ್ಟಿ ತೆಗೆದೆ. ಇಡೀ ಊರು ಅಲ್ಲಿ ಸಾಲಾಗಿ ಸಿಕ್ಕಿತು. ಒಂದು ವಾರದಲ್ಲಿ ಎಲ್ಲರ ಫಾರಂ ಮುಗಿಯಿತು, ಒಬ್ಬರದ್ದು ಬಿಟ್ಟು. ಉಳಿದವರು ಇದೇ ಕಲ್ಲೇಶಪ್ಪನವರ ಹೆಂಡತಿ ಹುಲಿಗೆಮ್ಮ. ಐವತ್ತೊಂದು ವರ್ಷದ ಹೆಂಗಸು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಹುಟ್ಟಿದ ದಾಖಲೆಯಿಲ್ಲ, ಜಮೀನು ಗಂಡನ ಹೆಸರಿನಲ್ಲಿ. ವಿಚಾರಣೆಗೆ ಹೋದರೆ ಇವರು ಏನು ತೋರಿಸಬೇಕು? ಆದರೆ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಮತದಾನದ ದಿನ ತಲೆಗೆ ನೀರು ಹಾಕಿಕೊಂಡು ಬೆಳಿಗ್ಗೆ ಏಳಕ್ಕೇ ಬೂತಿನ ಮುಂದೆ ನಿಲ್ಲುವವರು.

"ನನ್ನ ಹೆಸರು ಹೋಗಾಕೆ ಬಿಡಬ್ಯಾಡ್ರಿ ಟೀಚರೇ," ಎಂದು ನನ್ನ ಕೈ ಹಿಡಿದುಕೊಂಡಿದ್ದರು. "ಈ ಮನೇಲಿ ನನ್ನ ಹೆಸ್ರಲ್ಲಿರೋದು ಅದೊಂದೇಯ."

ಹೊನ್ನಾಳಿ ಪಟ್ಟಿಯಲ್ಲಿ ಕಲ್ಲೇಶಪ್ಪನವರ ಹೆಸರಿತ್ತು. ಅದರ ಕೆಳಗೆ, ಕೊಟ್ರಮ್ಮ, ಗಂಡ ಕಲ್ಲೇಶಪ್ಪ. ಹುಲಿಗೆಮ್ಮ ಎಲ್ಲೂ ಇಲ್ಲ. ಫಾರಂ ಹಿಡಿದು ಅವರ ಮನೆಗೆ ಹೋದೆ.

"ಕೊಟ್ರಮ್ಮ ಅಂದ್ರೆ ಯಾರು ಕಲ್ಲೇಶಪ್ಪಾರೆ?"

ಅವರು ಟವೆಲ್ ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು. ಹುಲಿಗೆಮ್ಮನೇ ಸೆರಗಿನ ಒಳಗಿಂದ ತಾಳಿ ತೆಗೆದು, ಅದರ ಪಕ್ಕ ಪೋಣಿಸಿದ್ದ ಸಣ್ಣ ಬೆಳ್ಳಿಯ ಬಿಲ್ಲೆ ತೋರಿಸಿದರು. ಮೊದಲ ಹೆಂಡತಿ ಸತ್ತ ಮನೆಗೆ ಎರಡನೆಯವಳಾಗಿ ಬಂದವಳು ಕಟ್ಟಿಕೊಳ್ಳುವ ಬಿಲ್ಲೆ ಅದು. ಸತ್ತವಳು ಮುನಿಯದಿರಲಿ ಎಂದು ಹಬ್ಬಕ್ಕೆ ಅದಕ್ಕೂ ಅರಿಶಿನ ಕುಂಕುಮ ಇಡುತ್ತಾರೆ.

"ಇವಳೇ ಕೊಟ್ರಮ್ಮ. ನಾನು ಬಂದಿದ್ದು ತೊಂಬತ್ತೇಳರಾಗೆ, ಅದಕ್ಕೆ ಒಂದು ವರ್ಷ ಮುಂಚೆ ತೀರಿಕೊಂಡ್ಲಂತೆ."

"ತೀರಿಕೊಂಡು ಆರು ವರ್ಷ ಆದ್ಮೇಲೆ ಪಟ್ಟೀಲಿ ಹೆಂಗೆ ಬಂದ್ಲು?"

ಆಗ ಕಲ್ಲೇಶಪ್ಪ ಬಾಯಿ ಬಿಟ್ಟರು. "ಬರಕೊಳಾಕೆ ಬಂದೋರು ಇದೇ ಮನೆ ಜಗಲಿಮೇಲೆ ಕೂತು ಹಳೇ ಪಟ್ಟಿ ಓದಿದ್ರು. ಹೆಂಡ್ತಿ ಅದಾರಾ ಅಂದ್ರು, ಅದಾಳೆ ಅಂದೆ. ಇದ್ಲಲ್ಲ, ಒಳಗೆ ರೊಟ್ಟಿ ಬಡೀತಿದ್ಲು. ಯಾವ ಹೆಂಡ್ತಿ ಅಂತ ಅವರೇನು ಕೇಳ್ಲಿಲ್ಲ."

ಈ ಮನುಷ್ಯ ಕೇಳದೆ ಏನನ್ನೂ ಹೇಳುವುದಿಲ್ಲ ಎಂಬುದನ್ನು ನಾನು ಅಷ್ಟರಲ್ಲಿ ಕಲಿತಿರಬೇಕಿತ್ತು. ಪಟ್ಟಿಯಲ್ಲಿ ಫೋಟೊ ಬಂದು ಇವರದೇ ಹೆಸರು ಸೇರುವ ತನಕ ಹುಲಿಗೆಮ್ಮ ಓಟು ಹಾಕಿದ್ದೆಲ್ಲ ಕೊಟ್ರಮ್ಮನ ಹೆಸರಿನಲ್ಲೇ. ಬೂತಿನಲ್ಲಿ ಕೊಟ್ರಮ್ಮ ಎಂದು ಕೂಗಿದರೆ ಇವರು ಹೋಗಿ ಬೆರಳು ಚಾಚುತ್ತಿದ್ದರು. ಅದು ತಪ್ಪು ಎಂದು ಊರಿನಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ. ಕಲ್ಲೇಶಪ್ಪನ ಹೆಂಡತಿಯ ಓಟು, ಕಲ್ಲೇಶಪ್ಪನ ಹೆಂಡತಿ ಹಾಕಿದಳು, ಅಷ್ಟೇ.

ರಮೇಶ್‌ಗೆ ಫೋನು ಮಾಡಿದೆ. "ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ? ಕೊಟ್ರಮ್ಮ ಅಲಿಯಾಸ್ ಹುಲಿಗೆಮ್ಮ ಅಂತ ಬರೀರಿ, ಮುಗೀತು. ನಾಳೆಗೆ ಕೊನೆ ದಿನ." ಕಲ್ಲೇಶಪ್ಪನವರೂ ತಲೆಯಾಡಿಸಿದರು. ಸತ್ತವಳ ಹೆಸರಿಗೆ ಸಹಿ ಹಾಕುವವಳು ನಾನು, ಆಮೇಲೆ ಸಿಕ್ಕಿಬೀಳುವವಳೂ ನಾನು. ಆದರೂ ನಿಜ ಹೇಳುತ್ತೇನೆ, ಬರೆದೇಬಿಡೋಣ ಅನ್ನಿಸಿತ್ತು. ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದೆ.

ಹುಲಿಗೆಮ್ಮ ಫಾರಮ್ಮಿನ ಮೇಲೆ ಅಂಗೈ ಇಟ್ಟರು. "ಬ್ಯಾಡ. ಇಪ್ಪತ್ತೊಂಬತ್ತು ವರ್ಷ ಅವಳನ್ನ ಕೊಳ್ಳಾಗೆ ಹಾಕ್ಕೊಂಡು ತಿರುಗೀನಿ. ಅವಳ ಹೆಸ್ರಲ್ಲಿ ಓಟೂ ಹಾಕೀನಿ. ಇನ್ನ ಕಾಗದದಾಗೂ ನಾನೇ ಅವಳಾಗಬೇಕಾ? ಹೋದ್ರೆ ನನ್ನ ಹೆಸರೇ ಹೋಗ್ಲಿ ಬಿಡ್ರಿ."

"ಹೋಗ್ಲಿ ಅಂದ್ರೆ ಹೋಗೇ ಹೋಗುತ್ತೆ, ತಿಳ್ಕೊಳ್ಳಿ," ಎಂದು ರೇಗಿದೆ. ರೇಗಿದ್ದು ಅವರ ಮೇಲಲ್ಲ. "ನಿಮ್ಮ ತವರು ಯಾವುದು? ಅಪ್ಪನ ಹೆಸರಾದ್ರೂ ಹುಡುಕಾನ."

ತವರು ಜಗಳೂರು ತಾಲ್ಲೂಕಿನ ಗುಬ್ಬಿಗಟ್ಟೆ. ಅಪ್ಪ ಬೆನಕಪ್ಪ, ಹೋಗಿ ಹದಿನೈದು ವರ್ಷವಾಗಿದೆ. ಜಗಳೂರು ಪಟ್ಟಿ ತೆಗೆದೆ. ಆ ಕ್ಷೇತ್ರದ ಗಡಿಯೂ ಎತ್ತಲಾಗಿ ಜರುಗಿತ್ತೋ ಎಂದು ಹೆದರಿಕೆಯಿತ್ತು, ಪುಣ್ಯಕ್ಕೆ ಊರು ಅಲ್ಲೇ ಇತ್ತು. ಕಾಗದವನ್ನು ಹಾಗೇ ಸ್ಕ್ಯಾನ್ ಮಾಡಿ ಹಾಕಿದ್ದರಿಂದ ಹೆಸರು ಟೈಪು ಮಾಡಿ ಹುಡುಕುವಂತಿರಲಿಲ್ಲ. ಒಂದೊಂದೇ ಪುಟ ದೊಡ್ಡದು ಮಾಡಿ ಓದಬೇಕು. ಇಪ್ಪತ್ತಮೂರನೇ ಪುಟದಲ್ಲಿ ಬೆನಕಪ್ಪ ಸಿಕ್ಕಿದ. ಅವನ ಕೆಳಗೆ ಅವನ ಹೆಂಡತಿ ಅನ್ನಪೂರ್ಣಮ್ಮ. ಫಾರಂ ತುಂಬಲು ಅಷ್ಟು ಸಾಕಾಗಿತ್ತು, ಮೊಬೈಲು ಮುಚ್ಚುತ್ತಿದ್ದೆ. ಅದರ ಕೆಳಗಿನ ಸಾಲು ಕಣ್ಣಿಗೆ ಬಿತ್ತು.

ಹುಲಿಗೆಮ್ಮ, ತಂದೆ ಬೆನಕಪ್ಪ, ವಯಸ್ಸು 27.

"ಅಕ್ಕ, ನಿಮ್ಮ ಹೆಸರು ಇಲ್ಲೈತೆ."

"ಎಲ್ಲಿ?"

"ನಿಮ್ಮಪ್ಪನ ಮನೇಲಿ. ಮದುವೆಯಾಗಿ ಐದು ವರ್ಷ ಆಗಿತ್ತಲ್ಲ, ನಿಮ್ಮಪ್ಪ ಹೆಸರು ತೆಗೆಸಿಲ್ಲ."

ಮದುವೆಯಾಗಿ ಹೋದ ಮಗಳ ಹೆಸರನ್ನು ತೆಗೆಸಬೇಕು, ಅದು ನಿಯಮ. ಬೆನಕಪ್ಪ ಮಾಡಿದ್ದು ತಪ್ಪು. ಇಂಥ ತಪ್ಪುಗಳಿಂದಲೇ ನನ್ನಂಥವರ ಕಣ್ಣು ಹಾಳಾಗುವುದು. ಎಲ್ಲರಿಗೂ ಇದನ್ನೇ ಬೈಯುತ್ತಾ ಬಂದವಳು ನಾನು, ಆವತ್ತು ಬೈಯಲು ಬಾಯಿ ಬರಲಿಲ್ಲ.

ಹುಲಿಗೆಮ್ಮನಿಗೆ ಓದಲು ಬರುವುದಿಲ್ಲ. ಯಾವ ಸಾಲು ಎಂದು ಕೇಳಿದರು. ತೋರಿಸಿದೆ. ಬೆರಳನ್ನು ಅದರ ಮೇಲೆಯೇ ಇಟ್ಟುಕೊಂಡು ಕೂತರು. ಪರದೆ ಆರಿತು, ನಾನು ಮತ್ತೆ ಹೊತ್ತಿಸಿದೆ.

"ನೋಡ್ರಿ," ಎಂದು ಗಂಡನ ಕಡೆ ತಿರುಗಿದರು. ಮೆಲುದನಿಯಲ್ಲೇ ಹೇಳಿದರು. "ನಾನು ಇಲ್ಲಿ ಕೊಟ್ರಮ್ಮ ಆಗಿದ್ದಾಗ, ಅಲ್ಲಿ ನಮ್ಮಪ್ಪ ನನ್ನನ್ನ ಹಂಗೇ ಇಟ್ಕಂಡಿದ್ದ."

ಕಲ್ಲೇಶಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ಈ ಸಲ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಆದರೂ ಹೇಳಿದರು, "ಆವತ್ತು ನಿನ್ನ ಹೆಸರು ಹೇಳಬೇಕಿತ್ತು ಕಣೆ."

ನಾನು ಫಾರಂ ತುಂಬಿದೆ. ಕ್ಷೇತ್ರ ಜಗಳೂರು. ಹುಲಿಗೆಮ್ಮ ಹೆಬ್ಬೆಟ್ಟು ಒತ್ತಿ, ಅದು ಒಣಗುವ ಮುಂಚೆಯೇ ಕೇಳಿದರು, "ಇನ್ನೊಂದು ಸಲ ಓದ್ರಿ ಟೀಚರೇ, ಅಪ್ಪನ ಹೆಸರಿಂದ."